ಬಡಿಸುವವರಿಲ್ಲದ ಪಂಕ್ತಿ

ಬಹುಮಾನದ ದರ ಏರಿಸಿದ ಕೂಡಲೇ ಲಾಂಚಿಗೆ ಮುನ್ನ ಪ್ರಯೋಗಕ್ಕೆಂದು ನಡೆಸುತ್ತಿದ್ದ ಕಂಪ್ಯೂಟರ್ ಜಾಲದಲ್ಲಿ ಟೋಕನ್ ಎಂಬ ಡಿಜಿಟಲ್ ನಾಣ್ಯ ಒತ್ತೆಯಿಟ್ಟು ಸೇರಿದವರ ಸಂಖ್ಯೆ ಜಿಗಿಯಿತು. ಅವರ ಕಂಪ್ಯೂಟರುಗಳು ಜಾಲಕ್ಕೆ ಮಾಡಿಕೊಡಬೇಕಿದ್ದ ಲೆಕ್ಕಾಚಾರ ಮಾತ್ರ ನಿಂತೇಹೋಯಿತು. ಲಂಡನ್ನಿನ ಹೌನ್ಸ್ಲೋದ ಫ್ಲ್ಯಾಟಿನಲ್ಲಿ ಬೃಂದಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಇದೇನೋ ಮಯೂರ್, ಎಲ್ಲರೂ ಪಂಕ್ತೀಲಿ ಕೂತಿದ್ದಾರೆ, ಬಡಿಸೋಕೆ ಒಬ್ಬರೂ ಎದ್ದಿಲ್ಲ?"

"ನಾಳೆ ಲಾಂಚ್ ಕಣೇ. ಜನ ಬಂದ್ರಲ್ಲ, ಸಾಕು ಬಿಡು," ಎಂದ ಮಯೂರ್. ಅವಳ ಜೊತೆ ಕಂಪನಿ ಕಟ್ಟಿದವನು. ದರ ಏರಿಸಲು ಹಟ ಹಿಡಿದವನೂ ಅವನೇ.

ಬೃಂದಾಳಿಗೆ ಕುತೂಹಲ ತಡೆಯಲಾಗಲಿಲ್ಲ. ಬರೀ ಒತ್ತೆಯಿಟ್ಟು ಕೂತವರ ಬಹುಮಾನವನ್ನು ಸೊನ್ನೆಗಿಳಿಸಿ, ಅಷ್ಟನ್ನೂ ಕೆಲಸ ಮಾಡಿಕೊಟ್ಟವರಿಗೆ ಹಂಚಿದಳು. ಪರದೆಯ ಮೇಲೆ, ಕೆಲಸ ಶುರುಮಾಡಿದ ಕಂಪ್ಯೂಟರಿಗೆ ಒಂದರಂತೆ, ಹಸಿರು ದೀಪಗಳು ಹೊತ್ತಿಕೊಳ್ಳತೊಡಗಿದವು.

ಮಯೂರ್ ಫೋನಿನಲ್ಲಿ ತನ್ನ ಟೋಕನ್ ಖಾತೆ ನೋಡಿದವನೇ ದಡಬಡನೆ ಕೋಟು ಹಾಕಿಕೊಂಡ.

"ಎಲ್ಲಿಗೋ?"

"ಇಲ್ಫರ್ಡಿಗೆ, ನಮ್ಮನೆಗೆ. ಕಂಪ್ಯೂಟರ್ ಆನ್ ಮಾಡ್ಬೇಕು."