ಎರಡನೇ ಸಾಲಿನ ಎಡಗಡೆ

ವ್ಯತ್ಯಾಸ ನಿಜವಾಗಿಯೂ ಇದೆಯೋ, ಅಥವಾ ಇರಲೇಬೇಕೆಂದು ತನ್ನ ಕಿವಿ ಹಟ ಹಿಡಿದಿದೆಯೋ? ಸೆಗಾವಾ ಟೊಮಿಯೊ ಹೆಡ್‌ಫೋನ್ ಸರಿಪಡಿಸಿಕೊಂಡು ರಿಮೋಟಿನ ಗುಂಡಿ ಒತ್ತಿದ. ಡಿಸ್ಕ್ ಒಂದೇ, ಅದರೊಳಗೆ ಪದರ ಎರಡು. ಒಂದರಲ್ಲಿ ಮಾಮೂಲಿ ಸಿಡಿ, ಇನ್ನೊಂದರಲ್ಲಿ ಅದೇ ಹಾಡು ಹಲವು ಪಟ್ಟು ಸೂಕ್ಷ್ಮವಾಗಿ. ಬೆಳಗಿನಿಂದ ಆ ಪದರಕ್ಕೂ ಈ ಪದರಕ್ಕೂ ಓಡಾಡಿ, ಪ್ಲೇಯರಿನ ದೀಪ ನೋಡದಿದ್ದರೆ ಈಗ ಯಾವುದರಲ್ಲಿದ್ದೇನೆಂದು ಹೇಳುವ ಧೈರ್ಯವೇ ಅವನಿಗೆ ಉಳಿದಿರಲಿಲ್ಲ. ನಾಲ್ಕು ಗಂಟೆಗೆ ಆಡಿಯೊ ಅಂಗಡಿಯ ಕುಸಾನೊ ಬರುತ್ತಾನೆ. ಎರಡು ವಾರ ಮನೆಯಲ್ಲಿಟ್ಟುಕೊಂಡು ಕೇಳಿ ನೋಡಿ ಎಂದು ಅವನು ಕೊಟ್ಟ, ಆ ಸೂಕ್ಷ್ಮ ಪದರವನ್ನೂ ನುಡಿಸಬಲ್ಲ ಪ್ಲೇಯರ್ ಅದು. ಇವತ್ತು ಇಲ್ಲೇ ಉಳಿಯಬೇಕು, ಇಲ್ಲವೇ ವಾಪಸ್ಸು ಹೋಗಬೇಕು.

"ಇನ್ನೂ ಸಿಗ್ಲಿಲ್ವೇನ್ರೀ ನಾನು?" ಕೋತತ್ಸು ಮೇಜಿನ ರಜಾಯಿಯೊಳಗೆ ಬೆಚ್ಚಗೆ ಕಾಲು ಚಾಚಿ ಕೂತಿದ್ದ ಹೆಂಡತಿ ಫುಮಿಯೆ ಕಿತ್ತಳೆ ಸುಲಿಯುತ್ತ ಕೇಳಿದಳು.

ಟೊಮಿಯೊ ಒಂದು ಕಿವಿ ಬಿಡಿಸಿಕೊಂಡ. "ನೂರೆಂಬತ್ತು ಜನ ಕಣೇ. ಸ್ವಲ್ಪ ತಡಿ."

"ಮೂವತ್ತು ವರ್ಷ ರಸ್ತೆ ಮೇಲೆ ಕಬ್ಬಿಣದ ಕೋಲಿಟ್ಟು, ಅದಕ್ಕೆ ಕಿವಿ ಹಚ್ಚಿ, ಕೆಳಗೆ ಎಲ್ಲಿ ನೀರಿನ ಪೈಪು ಸೋರ್ತಿದೆ ಅಂತ ಹೇಳ್ತಿದ್ರಿ. ಅಡುಗೆಮನೆಯಿಂದ ನಾನು ಕೂಗಿದ್ರೆ ಮಾತ್ರ ಕೇಳಿಸ್ತಿರ್ಲಿಲ್ಲ."

"ಪೈಪು ಅಕ್ಕಿ ತೊಳೀರಿ ಅಂತಿರ್ಲಿಲ್ವಲ್ಲ."

ಪಂತ ಕಟ್ಟಿದವನು ಅವನೇ. ಪ್ಲೇಯರ್ ಬಂದು ಕೂತದ್ದು ಫುಮಿಯೆ ಹೂದಾನಿ ಇಡುವ ಗೋಡೆಗೂಡಿನಲ್ಲಿ. ಹೂದಾನಿ ಬಾಗಿಲ ಬಳಿಯ ಚಪ್ಪಲಿ ಕಪಾಟಿನ ಮೇಲಕ್ಕೆ ಗಡೀಪಾರಾಗಿತ್ತು. ಸಿಡಿ ಸಾಲದೇ ಎಂದು ಅವಳು ಗೊಣಗಿದಾಗ, "ಇದರಲ್ಲಿ ನಿನ್ನೊಬ್ಬಳ ಧ್ವನಿ ಹುಡುಕಿ ತೋರಿಸ್ತೀನಿ. ತೋರಿಸಿದ್ರೆ ಇದು ಇಲ್ಲೇ ಇರ್ಲಿ" ಎಂದಿದ್ದ. ಡಿಸೆಂಬರ್ ಕೊನೆಯಲ್ಲಿ ಅವರ ಊರು ಮತ್ಸುಮೊತೊದ ಜನ ಸಭಾಂಗಣದಲ್ಲಿ ಕೂಡಿ ಹಾಡಿದ ಜರ್ಮನ್ ಗೀತೆಯ ಡಿಸ್ಕ್ ಅದು. ಫುಮಿಯೆ ನಿಂತದ್ದು ಎರಡನೇ ಸಾಲಿನ ಎಡಗಡೆ. ಗೀತೆಯಲ್ಲಿ ಒಂದು ಕಡೆ ಹೆಂಗಸರ ಧ್ವನಿ ಸೂರು ಮುಟ್ಟಿ ಅಲ್ಲೇ ಬಹಳ ಹೊತ್ತು ನಿಲ್ಲಬೇಕು. ಆ ಒಂದು ಸಾಲನ್ನು ಅವಳು ವರ್ಷವಿಡೀ ಸ್ನಾನದ ತೊಟ್ಟಿಯಲ್ಲಿ ಕೂತು ಅಭ್ಯಾಸ ಮಾಡಿದ್ದಳು. ಪಕ್ಕದ ಮನೆಯ ನಾಯಿಗೂ ಬಾಯಿಪಾಠವಾಗಿತ್ತು. ಹಾಡಿ ಬಂದ ದಿನ ತಂಗಿಗೂ ಮಗಳಿಗೂ ಫೋನ್ ಮಾಡಿ, "ಕೊನೇವರೆಗೂ ಎಳೆದೆ ಕಣೇ, ಬಿಡಲೇ ಇಲ್ಲ" ಎಂದು ಹೇಳಿದ್ದೇ ಹೇಳಿದ್ದು.

ಟೊಮಿಯೊ ಕಣ್ಣು ಮುಚ್ಚಿದ. ಸಿಡಿಯ ಪದರದಲ್ಲಿ ಹೆಂಗಸರ ಧ್ವನಿ ಒಂದು ದೊಡ್ಡ ಅಲೆಯಾಗಿ ಎದ್ದು ನಿಂತಿತು, ಅಷ್ಟೇ. ಗುಂಡಿ ಒತ್ತಿ ಇನ್ನೊಂದು ಪದರಕ್ಕೆ ಹೋದ. ಅಲೆ ಏಳುವ ಮುಂಚಿನ ಚೂರು ಮೌನದಲ್ಲಿ, ಎಡಗಡೆ, ಯಾರೋ ಉಸಿರೆಳೆದುಕೊಂಡರು. ಅದರ ತುದಿಯಲ್ಲಿ ಗಂಟಲಿನದೊಂದು ಸಣ್ಣ ಕೀರಲು. ಏನಾದರೂ ದೊಡ್ಡದನ್ನು ಹೇಳಹೊರಟಾಗ ಫುಮಿಯೆ ಎಳೆದುಕೊಳ್ಳುವ ಉಸಿರು ಅದು. ನಲವತ್ತೊಂದು ವರ್ಷ ಕೇಳಿದ್ದಾನೆ. ಸಿಕ್ಕಿಬಿದ್ದಳು ಎಂದುಕೊಂಡ. ಆದರೆ ಉಸಿರಿನ ಹಿಂದೆ ಧ್ವನಿ ಬರಲಿಲ್ಲ. ಆಚೆ ಈಚೆಯ ಹೆಂಗಸರದು ಬಂತು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಹಾಡಿನ ಸಾಲು ಆ ಎತ್ತರದಿಂದ ಕೆಳಗಿಳಿದ ಮೇಲೆ ಅವಳ ಧ್ವನಿ ಮೆಲ್ಲಗೆ ಬಂದು ಸೇರಿಕೊಂಡಿತು. ಮತ್ತೆ ಹಾಕಿದ, ಮೂರನೇ ಸಲವೂ ಹಾಕಿದ. ಪ್ರತಿಸಲವೂ ಅವಳು ಎದೆ ತುಂಬ ಉಸಿರು ತುಂಬಿಕೊಂಡಳು, ಹಾಡಲಿಲ್ಲ.

ಕಣ್ಣು ತೆರೆದಾಗ ಫುಮಿಯೆಯ ಕೈ ನಿಂತಿತ್ತು. ಅರ್ಧ ಸುಲಿದ ಕಿತ್ತಳೆ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

"ಯಾವ ಭಾಗ ಕೇಳ್ತಿದೀರಿ?"

"ಆ ಎತ್ತರದ ಸಾಲು."

"ಅದನ್ನೇ ಯಾಕೆ? ಬೇರೆ ಎಷ್ಟೊಂದಿದೆ." ಕಿತ್ತಳೆಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು, "ಏನಾದ್ರೂ ಕೇಳಿಸ್ತಾ?"

ಟೊಮಿಯೊ ಗೋಡೆಗೂಡಿನ ಕಡೆ ನೋಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಪ್ಲೇಯರ್ ಉಳಿಯುತ್ತದೆ. ಕೊನೆಯವರೆಗೂ ಎಳೆದಿದ್ದೀಯ ಎಂದು ಸುಳ್ಳು ಹೇಳಿದರೂ ಉಳಿಯುತ್ತದೆ. ಆದರೆ ಅದು ಸುಳ್ಳೆಂದು ಬಲ್ಲವಳು ಎದುರಿಗೇ ಕೂತಿದ್ದಾಳೆ.

"ಎಲ್ಲಾ ಒಂದೇ ಮುದ್ದೆ," ಎಂದು ಹೆಡ್‌ಫೋನ್ ತೆಗೆದಿಟ್ಟ. "ನೂರೆಂಬತ್ತು ಜನಾನೂ ಒಟ್ಟಿಗೆ ಕಿರುಚಿದೀರಿ. ಯಾರದ್ದು ಯಾವ ಗಂಟಲು ಅಂತ ಹುಡುಕ್ಲಿ? ಸಿಡಿನೂ ಅಷ್ಟೆ, ಇದೂ ಅಷ್ಟೆ."

ಫುಮಿಯೆಯ ಭುಜಗಳು ಸಡಿಲಾದವು. ಉಳಿದ ಸಿಪ್ಪೆಯನ್ನು ಒಂದೇ ಎಳೆತಕ್ಕೆ ಬಿಡಿಸಿ, ಹಣ್ಣು ಮುರಿದು ದೊಡ್ಡ ಪಾಲನ್ನು ಅವನ ಕೈಗಿಟ್ಟಳು. "ನಾನು ಮೊದಲೇ ಹೇಳ್ಲಿಲ್ವಾ? ದೊಡ್ಡ ಕಿವಿಯವರು. ಹೂದಾನಿ ತರ್ತೀನಿ, ಜಾಗ ಖಾಲಿ ಮಾಡಿ."

ನಾಲ್ಕಕ್ಕೆ ಸರಿಯಾಗಿ ಬಂದ ಕುಸಾನೊ ಪ್ಲೇಯರನ್ನು ಪೆಟ್ಟಿಗೆಗೆ ಇಳಿಸುತ್ತ ಪೇಚಾಡಿದ. "ನಿಮ್ಮಂಥ ಕಿವಿಗೇ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ಹೇಗೆ ಸೆಗಾವಾ ಸಾನ್? ನಾನು ಅಂಗಡಿ ಮುಚ್ಚಬೇಕಷ್ಟೆ."

"ವಯಸ್ಸಾಯ್ತಲ್ಲ ಕುಸಾನೊ ಸಾನ್," ಒಳಗಿನಿಂದ ಫುಮಿಯೆ ಖುಷಿಯಾಗಿ ಕೂಗಿದಳು. "ಈಗ ತಿಂದ ಕಿತ್ತಳೆ ಹುಳೀನಾ ಸಿಹೀನಾ ಕೇಳಿ, ಅದೂ ಗೊತ್ತಿರಲ್ಲ. ಚಹಾ ಆಗಿದೆ, ಕುಡ್ಕೊಂಡು ಹೋಗಿ."

"ಒಂದಾದ್ರೂ ಒಳ್ಳೇ ಮಾತು ಹೇಳೋಕಿಲ್ವಾ ಇದರ ಬಗ್ಗೆ?" ಕುಸಾನೊ ದನಿ ತಗ್ಗಿಸಿ ಕೇಳಿದ.

"ಹೇಳೋ ಅಂಥದ್ದೇನಿಲ್ಲಪ್ಪಾ," ಎಂದು ಟೊಮಿಯೊ ತಂತಿಯನ್ನು ನೀಟಾಗಿ ಸುತ್ತಿ ಪೆಟ್ಟಿಗೆಯೊಳಗಿಟ್ಟ.

ಬದುಕಿನಲ್ಲಿ ಯಾವುದನ್ನೂ ಆ ಉಸಿರಿನಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ ಎಂಬುದನ್ನು ಅವನು ಕುಸಾನೊಗೂ ಹೇಳಲಿಲ್ಲ, ಫುಮಿಯೆಗೂ ಹೇಳಲಿಲ್ಲ.