ಗಿರಿಯಪ್ಪನವರ ಪ್ರೋಟೀನು

ರಕ್ತದಲ್ಲಿ ಪ್ರೋಟೀನು ಜಾಸ್ತಿ ಉಂಟೆಂಬ ಸುದ್ದಿಯನ್ನು ಗಿರಿಯಪ್ಪನವರು ಆ ಬೆಳಿಗ್ಗೆ ಇಡೀ ದಕ್ಕೆಗೆ ಹಂಚಿ ಬಂದರು. ಬೋಟುಗಳಿಂದ ಮೀನು ಇಳಿಸುವ ಗಡಿಬಿಡಿಯಲ್ಲೂ ಒಬ್ಬೊಬ್ಬರನ್ನೇ ತಡೆದು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. "ಅರುವತ್ತೆಂಟು ವರ್ಷ ಬಂಗುಡೆ ತಿಂದದ್ದು ಸುಮ್ಮನೆ ಅಲ್ಲ ಮಾರಾಯ! ಆಸ್ಪತ್ರೆಯವರೇ ಬರೆದು ಕೊಟ್ಟಿದ್ದಾರೆ." ಅದನ್ನು ಕೇಳಿ, ಮೀನು ಕೊಳ್ಳಲು ಬಂದಿದ್ದ ಉರ್ಸುಲಾಬಾಯಿ ಒಂದು ಕಿಲೋ ಬಂಗುಡೆ ಹೆಚ್ಚಿಗೆ ಕೊಂಡರು.

ಸಂಜೆ ಮನೆಗೆ ಬಂದ ಮೊಮ್ಮಗಳು ಮೋಕ್ಷಾ ಅಜ್ಜನ ಈ ಡಂಗುರದ ವಿಷಯ ತಿಳಿದು ತಲೆಯ ಮೇಲೆ ಕೈಹೊತ್ತು ಕುಳಿತಳು. ಅವಳು ಮೆಡಿಕಲ್ ಕಾಲೇಜೊಂದರ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಅಜ್ಜನನ್ನು ಪುಸಲಾಯಿಸಿ, ಅಲ್ಲಿನ ಅಧ್ಯಯನಕ್ಕೆ ರಕ್ತ ಕೊಡಿಸಿದವಳೂ ಅವಳೇ.

"ಅಜ್ಜ, ಇದು ಮೀನಿನ ಪ್ರೋಟೀನ್ ಅಲ್ಲ. ಮೈಯೊಳಗಿನ ಸೆಲ್ಲುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವಲ್ಲ, ಆ ಪ್ರೋಟೀನ್. ಸಿಗ್ನಲ್ ಇದ್ದ ಹಾಗೆ. ದೊಡ್ಡ ಕರುಳಲ್ಲಿ ಕ್ಯಾನ್ಸರ್ ಶುರುವಾಗ್ತಾ ಇದ್ರೆ ರಕ್ತದಲ್ಲಿ ಇದು ಏರ್ತದೆ."

ಗಿರಿಯಪ್ಪನವರ ಮೀಸೆ ಅರ್ಧ ಇಳಿಯಿತು. "ನನಗೆ ಕ್ಯಾನ್ಸರ್ ಅಂತಲಾ?"

"ಹಾಗಲ್ಲ. ಬೇರೆ ಕಾರಣಕ್ಕೂ ಏರಬಹುದು. ಕ್ಯಾಮೆರಾ ಹಾಕಿ ನೋಡಿದ್ರೆ ಮಾತ್ರ ಗೊತ್ತಾಗೋದು. ಗುರುವಾರಕ್ಕೆ ಹೇಳಿಟ್ಟಿದ್ದೇನೆ. ಬುಧವಾರ ಬರೀ ಗಂಜಿತಿಳಿ, ಮತ್ತೆ ಹೊಟ್ಟೆ ತೊಳೆಯುವ ಔಷಧಿಯ ನೀರು."

"ಕ್ಯಾಮೆರಾ ಎಲ್ಲಿಂದ ಹಾಕ್ತಾರೆ?"

ಮೋಕ್ಷಾ ಅಜ್ಜಿಯ ಮುಖ ನೋಡಿದಳು. ವಾರಿಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿ ನಗು ತಡೆದರು. ಗಿರಿಯಪ್ಪನವರಿಗೆ ಉತ್ತರ ಸಿಕ್ಕಿಬಿಟ್ಟಿತು.

"ನನಗೆ ಎಂತ ಸಹ ಆಗ್ಲಿಲ್ಲ! ನೋವುಂಟಾ? ಇಲ್ಲ. ಊಟ ಸೇರ್ತದೆ, ನಿದ್ದೆ ಬರ್ತದೆ. ಯಾವುದೋ ಮೆಷಿನ್ ಹೇಳಿತು ಅಂತ ನಾನು ಹೋಗಿ ಮಲಗಬೇಕಾ?"

"ಈಗಲೇ ಸಿಕ್ಕಿದ್ರೆ ಗುಣವಾಗ್ತದೆ ಅಜ್ಜ. ನೋವು ಬರುವವರೆಗೆ ಕಾದ್ರೆ ಕಷ್ಟ," ಎನ್ನುವಾಗ ಮೋಕ್ಷಾಳ ದನಿ ಒಡೆಯಿತು. ಗಿರಿಯಪ್ಪನವರು ಟಿವಿಯ ಸದ್ದು ಏರಿಸಿದರು.

ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಮೂವತ್ತೈದು ವರ್ಷ ತಾಂಡೇಲರಾಗಿ ಬೋಟು ನಡೆಸಿದವರು ಅದನ್ನು ಹೆಂಡತಿಯೆದುರು ಒಪ್ಪಿಕೊಳ್ಳುವುದುಂಟೆ? ಹಾಗೆಂದು ಅವರು ಹುಂಬರೇನಲ್ಲ. ಬಂದರಿನಲ್ಲಿ ಎಚ್ಚರಿಕೆಯ ಕೆಂಪು ಬಾವುಟ ಏರಿದ ದಿನ, ಸಮುದ್ರ ಎಷ್ಟೇ ತೆಪ್ಪಗಿದ್ದರೂ ಅವರು ಬೋಟು ಬಿಟ್ಟವರಲ್ಲ. "ಗಾಳಿಯೇ ಇಲ್ಲವಲ್ಲ ತಾಂಡೇಲರೇ" ಎಂದು ಯಾರಾದರೂ ಗೊಣಗಿದರೆ, "ಗಾಳಿ ಬಂದ ಮೇಲೆ ಬಾವುಟ ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈ ಮಾತನ್ನು ಮನೆಯಲ್ಲಿ ಸಾವಿರ ಸಲ ಕೇಳಿದವರು ವಾರಿಜಾಕ್ಷಿ.

ಬುಧವಾರ ಬೆಳಿಗ್ಗೆ ಗಂಜಿತಿಳಿಯಿಂದ ತಪ್ಪಿಸಿಕೊಳ್ಳಲು ಗಿರಿಯಪ್ಪನವರು ಚೀಲ ಹಿಡಿದು ಮೆಲ್ಲನೆ ಅಂಗಳಕ್ಕಿಳಿದರು. ದಕ್ಕೆಯ ಹೋಟೆಲಿನಲ್ಲಿ ಬಿಸಿ ಬನ್ಸ್ ಸಿಗುವ ಹೊತ್ತು. ಆದರೆ ಗೇಟಿನ ಹತ್ತಿರ ಬಂದವರು ಅಲ್ಲೇ ನಿಂತರು.

ಗೇಟಿನ ಕಂಬಕ್ಕೆ ತೆಂಗಿನಕಾಯಿ ಕೀಳುವ ದೋಟಿಯನ್ನು ನೆಟ್ಟಗೆ ಕಟ್ಟಲಾಗಿತ್ತು. ಅದರ ತುದಿಯಲ್ಲಿ ವಾರಿಜಾಕ್ಷಿಯ ಕೆಂಪು ರವಿಕೆ.

"ಇದೆಂತ ಮರುಳು ನಿನ್ನದು! ಊರಿನವರು ನೋಡಿದ್ರೆ..." ಎಂದು ಅವರು ತಿರುಗಿದರು. ಬಾಗಿಲಲ್ಲಿ ನಿಂತಿದ್ದ ವಾರಿಜಾಕ್ಷಿ ಈ ಸಲ ನಗಲಿಲ್ಲ. ಅವರ ಕಣ್ಣು ತುಂಬಿತ್ತು.

ಗಿರಿಯಪ್ಪನವರು ಮತ್ತೆ ಮೇಲೆ ನೋಡಿದರು. ರವಿಕೆ ಮಿಸುಕಾಡದೆ ಜೋತುಬಿದ್ದಿತ್ತು. "ಒಂದು ಚೂರು ಗಾಳಿ ಸಹ ಇಲ್ಲ, ಮತ್ತೆ..." ಎಂದವರ ಮಾತು ಅಲ್ಲಿಗೇ ನಿಂತಿತು.

ಹಿಂದಕ್ಕೆ ಬಂದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು.

"ಆ ಹೊಟ್ಟೆ ತೊಳೆಯುವ ನೀರು ಎಷ್ಟು ಲೋಟ ಕುಡೀಬೇಕಂತೆ?"