ಯಾರ ಹತ್ರ ಮಾತಾಡ್ತಿದೀಯ?

"ಕೈ ತೆಗಿ, ಎದ್ದೇಳು," ಎಂದ ಬಂದೂಕಿನವನು. ನಳಿಗೆಯ ತಣ್ಣನೆಯ ತುದಿ ನರ್ಸಿನ ಕುತ್ತಿಗೆಗೆ ತಾಗಿತ್ತು. ಮಿಶನ್ ಆಸ್ಪತ್ರೆಯ ಉಳಿದವರೆಲ್ಲ ಗುಂಡಿನ ಸದ್ದಿಗೆ ಹೆದರಿ ಹಿಂದಿನ ಗೋಡೆ ಹಾರಿ ಓಡಿದ್ದರು. ಇವಳ ಎರಡೂ ಅಂಗೈ ಗಾಯಗೊಂಡ ಮುದುಕಿಯ ತೊಡೆಯಲ್ಲಿ ರಕ್ತ ಉಕ್ಕುವ ಜಾಗವನ್ನು ಅದುಮಿ ಹಿಡಿದಿದ್ದವು.

"ತೆಗೆದ್ರೆ ಈ ಅಜ್ಜಿ ಉಳಿಯಲ್ಲಪ್ಪ," ಎಂದಳು, ಈ ಪರನಾಡಿಗೆ ಬಂದ ಮೂರು ವರ್ಷದಲ್ಲಿ ಕಲಿತಿದ್ದ ಅವನ ಭಾಷೆಯಲ್ಲಿ. ದಿನಾ ಬೆಳಿಗ್ಗೆ ರೋಗಿಗಳಿಗೆ ಹೇಳಿಕೊಡುತ್ತಿದ್ದ ಪ್ರಾರ್ಥನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವು ಯಾರಿಗಾದರೂ ಕೇಳಿಸುತ್ತವೆಂದು ನಂಬುವುದನ್ನು ಅವಳು ಬಿಟ್ಟು ಬಹಳ ದಿನವಾಗಿತ್ತು.

ಬಂದೂಕು ಕಟಕ್ಕೆಂದಿತು. ಬಾಯಿಂದ ತಾನಾಗಿ ತಾಯ್ನುಡಿ ಹೊರಟಿತು. "ಅಪ್ಪಾ, ಭಯ ಆಗ್ತಿದೆ. ಬಿಟ್ಟು ಹೋಗ್ಬೇಡ."

"ಯಾರ ಹತ್ರ ಮಾತಾಡ್ತಿದೀಯ?"

"ದೇವರ ಹತ್ರ. ಇಲ್ಲೇ ಇದಾನೆ."

ಹೇಳಿದ ಮೇಲೆಯೇ ಅವಳಿಗೆ ತಿಳಿಯಿತು, ಅದು ಬಾಯಿಪಾಠದ ಮಾತಲ್ಲ ಎಂದು. ಬಂದೂಕಿನವನು ಗಕ್ಕನೆ ತಿರುಗಿ ಖಾಲಿ ಕೋಣೆಯ ಮೂಲೆಮೂಲೆ ನೋಡಿದ. ರಕ್ತ ಮೆತ್ತಿದ ಅವಳ ಕೈಗಳನ್ನು ನೋಡಿದ. ಆಮೇಲೆ ಬಂದೂಕು ಇಳಿಸಿ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲು ದಾಟಿದ. ನರ್ಸ್ ಕೈ ಸಡಿಲಿಸದೆ, ದೇವರೊಡನೆ ಅರ್ಧಕ್ಕೆ ನಿಂತಿದ್ದ ಮಾತನ್ನು ಮುಂದುವರಿಸಿದಳು.